ಆ ಕಿಟಕಿಗೊಂದು ಪರದೆ ಹಾಕಿಸಿ

ಮಾನ್ಯರೇ,

ಕಳೆದ ವಾರ ಮೊಮ್ಮಗಳೊಂದಿಗೆ ವಸ್ತುಸಂಗ್ರಹಾಲಯವೊಂದಕ್ಕೆ ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಒಬ್ಬ ರಾಜರ ಭಾವಚಿತ್ರವಿತ್ತು. ಆನೆದಂತದ ಮೇಲೆ ಬರೆದದ್ದು. ಪಕ್ಕದ ಕಿಟಕಿಯಿಂದ ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೆಯೇ ಬೀಳುತ್ತಿತ್ತು. ಪೇಟದ ನೀಲಿ, ಕೊರಳ ಮುತ್ತುಗಳ ಬಿಳಿ ಇನ್ನೂ ಗಟ್ಟಿಯಾಗಿವೆ. ಮುಖದ ಕೆಂಪು ಮಾತ್ರ ಹಾರಿಹೋಗಿ, ರಾಜರು ಕಾಯಿಲೆಯಿಂದ ಎದ್ದವರಂತೆ ಕಾಣುತ್ತಿದ್ದರು. ಕಿವಿಯಿಂದ ಭುಜದವರೆಗೆ ಕೂದಲೆಳೆಯಂಥ ಬಿರುಕು. ಚೀಟಿಯಲ್ಲಿದ್ದದ್ದು ‘ದಂತದ ಚಿತ್ರ’ ಎಂಬ ಎರಡೇ ಪದ.

ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಲೇ ಆಯುಷ್ಯ ಕಳೆದ ನನಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ದಂತವನ್ನು ಹಾಳೆಯಂತೆ ತೆಳ್ಳಗೆ ಸೀಳಿ, ನಯವಾಗಿ ಉಜ್ಜಿ, ನೀರುಬಣ್ಣವನ್ನು ಚುಕ್ಕಿ ಚುಕ್ಕಿಯಾಗಿ ಇಡಬೇಕು. ದಂತ ಕಾಗದದಂತೆ ಬಣ್ಣ ಹೀರುವುದಿಲ್ಲ. ಕುಂಚದ ತೇವ ತುಸು ಹೆಚ್ಚಾದರೂ ಮೊದಲು ಇಟ್ಟ ಬಣ್ಣ ಎದ್ದುಬರುತ್ತದೆ. ನಮ್ಮ ಮೈಸೂರು ಶೈಲಿಯಲ್ಲಿ ಉಬ್ಬುಗೆಲಸದ ಮೇಲೆ ಚಿನ್ನದ ರೇಕು ಕೂರಿಸಿ ಹೊಳಪು ತರುತ್ತೇವೆ. ಇಲ್ಲಿ ಹೊಳಪು ಒಳಗಿನಿಂದ ಬರುತ್ತದೆ, ತೆಳುಬಣ್ಣದ ಅಡಿಯಿಂದ ದಂತವೇ ಮೈಚರ್ಮದಂತೆ ಮಿನುಗುತ್ತದೆ. ಬಿಸಿಲಿಗೆ ಮೊದಲು ಬಲಿಯಾಗುವುದೂ ಆ ತೆಳುಬಣ್ಣವೇ. ಗಾಳಿಯ ತೇವ ಏರಿಳಿದರೆ ದಂತ ಡೊಂಕಾಗಿ ಸೀಳುತ್ತದೆ.

ಮೊಗಲರ ಕಾಲದಿಂದ ಕಾಗದದ ಮೇಲೆ ಬರೆಯುತ್ತಿದ್ದ ನಮ್ಮ ಕಲಾವಿದರಿಗೆ ದಂತದ ಮೇಲೆ ಭಾವಚಿತ್ರ ಬರೆಯುವ ರೂಢಿ ಬಂದದ್ದು ಯುರೋಪಿನವರಿಂದ. ಇಂಗ್ಲೆಂಡಿನ ಚಿತ್ರಕಾರ ಜಾನ್ ಸ್ಮಾರ್ಟ್ 1785ರಿಂದ 1795ರವರೆಗೆ ಮದ್ರಾಸಿನಲ್ಲಿದ್ದು ಆರ್ಕಾಟಿನ ನವಾಬ ಮುಹಮ್ಮದ್ ಅಲಿಯನ್ನು ಚಿತ್ರಿಸಿದ. ಭಾರತದಲ್ಲಿ ಬರೆದದ್ದೆಂದು ಸಹಿಯ ಜೊತೆಗೆ ಇಂಗ್ಲಿಷಿನ ‘ಇಂಡಿಯಾ’ ಪದದ ಮೊದಲ ಅಕ್ಷರ ‘ಐ’ಯನ್ನೂ ಹಾಕುತ್ತಿದ್ದ. ಅದೇ ನಾಡಿನ ಇನ್ನೊಬ್ಬ ಚಿತ್ರಕಾರ ಓಝಿಯಸ್ ಹಂಫ್ರಿ ಲಖನೌಗೆ ಹೋಗಿ ನವಾಬ ಆಸಫ್ ಉದ್ದೌಲನನ್ನು ಚಿತ್ರಿಸಿದ. ಅವರಿಬ್ಬರ ಹೆಸರೂ ಉಳಿದಿವೆ. 19ನೇ ಶತಮಾನದಲ್ಲಿ ಅದೇ ವಿದ್ಯೆಯನ್ನು ಕೈವಶ ಮಾಡಿಕೊಂಡು ಮೊಗಲ ಬಾದಶಹರ, ರಣಜಿತ್ ಸಿಂಗರ ಮುಖಗಳನ್ನು ಅಂಗೈಯಗಲದಲ್ಲಿ ಹಿಡಿದಿಟ್ಟ ದೆಹಲಿಯ ಕಲಾವಿದರಲ್ಲಿ ಹೆಚ್ಚಿನವರ ಹೆಸರು ಅಳಿಸಿಹೋಗಿದೆ. ಉಳಿದಿರುವುದು ಅವರ ಕೈಕೆಲಸವೊಂದೇ. ಅದನ್ನೂ ಬಿಸಿಲಿಗೆ ಒಪ್ಪಿಸಬೇಕೇ?

ಸಂಗ್ರಹಾಲಯಗಳ ಅಧಿಕಾರಿಗಳಲ್ಲಿ ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕಿಟಕಿಗೆ ದಪ್ಪ ಪರದೆ, ಪೆಟ್ಟಿಗೆಗೆ ಮಂದ ದೀಪ, ದಾರಕ್ಕೆ ಕಟ್ಟಿದ ಒಂದು ಭೂತಕನ್ನಡಿ, ಯಾವ ಕಾಲದ್ದು, ಹೇಗೆ ಬರೆದದ್ದು ಎಂದು ತಿಳಿಸುವ ಕನ್ನಡದ ನಾಲ್ಕು ಸಾಲು. ಮೊಮ್ಮಗಳು ನನ್ನ ಕನ್ನಡಕವನ್ನೇ ಗಾಜಿನ ಮೇಲೆ ಹಿಡಿದು ರಾಜರ ಮೀಸೆಯ ಎಳೆಗಳನ್ನು ಎಣಿಸಲು ನೋಡಿದಳು. ಬೇಸಿಗೆ ಏರುವ ಮೊದಲು ಪರದೆಯನ್ನಾದರೂ ಹಾಕಿಸಿ.

– ನಿವೃತ್ತ ಚಿತ್ರಕಲಾ ಶಿಕ್ಷಕಿ, ಮೈಸೂರು