ಭಾನುವಾರದ ಚರ್ಚೆಗೆ: ಉಪವಾಕ್ಯದೊಳಗಿನ ಸೂಚ್ಯಾರ್ಥ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಭಾನುವಾರ ಕಾಸರಗೋಡಿನಲ್ಲಿ ಸೇರುವ ಮೊದಲು ಒಂದು ವಿಷಯವನ್ನು ಯೋಚಿಸಿಕೊಂಡು ಬರಬೇಕೆಂದು ವಿನಂತಿ: ನೇರವಾಗಿ ಹೇಳದೆ ಸೂಚಿತವಾಗುವ ಅರ್ಥ, ಅಂದರೆ ಸೂಚ್ಯಾರ್ಥ, ವಾಕ್ಯದ ಭಾಗವಾದ ಉಪವಾಕ್ಯದೊಳಗೇ ಹುಟ್ಟಬಲ್ಲದೇ?

‘ಕೆಲವು ಮಕ್ಕಳು ಬಂದರು’ ಎಂದಾಗ ‘ಎಲ್ಲರೂ ಬರಲಿಲ್ಲ’ ಎಂದು ತಿಳಿಯುತ್ತೇವೆ. ಎಲ್ಲರೂ ಬಂದಿದ್ದರೆ ಹಾಗೆಂದೇ ಹೇಳುತ್ತಿದ್ದರು ಎಂಬ ನಂಬಿಕೆಯಿಂದ, ಇಡೀ ಮಾತನ್ನು ಕೇಳಿದ ಮೇಲೆ ಈ ಅರ್ಥ ಹುಟ್ಟುತ್ತದೆ ಎಂಬುದು ಭಾಷೆಯ ತತ್ತ್ವಚಿಂತಕ ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದ ವಿವರಣೆ. ಆದರೆ ‘ಕೆಲವು ಪಾಠ ಓದಿದರೆ ಅಂಕ ಕಡಿಮೆ ಬರುತ್ತದೆ, ಎಲ್ಲವನ್ನೂ ಓದಿದರೆ ಪೂರ್ತಿ ಬರುತ್ತದೆ’ ಎಂಬ ವಾಕ್ಯವನ್ನು ಗಮನಿಸಿ. ಎಲ್ಲ ಪಾಠ ಓದಿದವರು ಕೆಲವನ್ನು ಓದಿಯೇ ಇರುತ್ತಾರಾದ್ದರಿಂದ, ‘ಓದಿದರೆ’ ಎಂಬ ಉಪವಾಕ್ಯದೊಳಗೇ ‘ಕೆಲವು’ ಎಂಬುದು ‘ಕೆಲವು ಮಾತ್ರ’ ಎಂದಾಗದಿದ್ದರೆ ಇಡೀ ಮಾತು ತನ್ನನ್ನೇ ಅಲ್ಲಗಳೆಯುತ್ತದೆ. ಇಂಥ ಅರ್ಥವನ್ನು ವ್ಯಾಕರಣವೇ ಹಂತಹಂತವಾಗಿ ಕೂಡಿಸುತ್ತದೆ ಎಂದು ಭಾಷಾವಿಜ್ಞಾನಿ ಜೆನ್ನಾರೊ ಕಿಯೆರ್ಕಿಯಾ 2004ರಲ್ಲಿ ವಾದಿಸಿದರು. ನನಗೆ ಈ ವಾದವೇ ಹೆಚ್ಚು ಒಪ್ಪಿಗೆ. ‘ಕೆಲವು’ ಎಂಬ ಪದವನ್ನು ಒತ್ತಿ ಉಚ್ಚರಿಸುವುದರಿಂದ ಮಾತ್ರ ಹೀಗಾಗುತ್ತದೆ ಎನ್ನುವವರೂ ಇದ್ದಾರೆ.



ದಿನವೂ ಎರಡು ಮೂರು ಭಾಷೆಗಳಲ್ಲಿ ವ್ಯವಹರಿಸುವ ನಮಗೆ ಇಲ್ಲೊಂದು ಅನುಕೂಲವಿದೆ. ಪಾಠ ಓದುವ ಇದೇ ವಾಕ್ಯವನ್ನು ಮಲಯಾಳದ ‘ಚಿಲ’ (ಕೆಲವು) ಬಳಸಿ ಹೇಳಿ ನೋಡಿ, ತುಳು ಮನೆಮಾತಿನವರು ತುಳುವಿನಲ್ಲಿ ಹೇಳಿ ನೋಡಿ. ಒತ್ತು ಕೊಡದೆಯೂ ಅದೇ ಅರ್ಥ ಬರುತ್ತದೆಯೇ ಎಂಬುದನ್ನು ಬರೆದು ತನ್ನಿ.