ಮೂರನೇ ರಿಂಗಿಗೆ ಫೋನ್ ಎತ್ತುವ ಮಗಳು

ಬೋರ್ಡೊ, ಫ್ರಾನ್ಸ್
ಅಕ್ಟೋಬರ್ 19

ಪ್ರೀತಿಯ ಅಮ್ಮನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ವಾಟ್ಸಾಪ್ ಬಿಟ್ಟು ಕಾಗದ ಯಾಕೆ ಬರೆದಳು ಇವಳು ಅಂತ ಗಾಬರಿಯಾಗಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ. ಅದಕ್ಕೇ ಕಾಗದ.

ಈಚೆಗೆ ನಾನು ಫೋನ್ ತೆಗೆಯುವುದು ತಡ ಅಂತ ಅಣ್ಣನ ಹತ್ತಿರ ದೂರಿದೆಯಂತೆ. ನಿಜ. ಬೇಕಂತಲೇ ತಡ ಮಾಡುತ್ತೇನೆ. ಯಾಕೆ ಅಂತ ಹೇಳುತ್ತೇನೆ, ನಗಬೇಡ.

ಹೋದ ತಿಂಗಳು ಆಫೀಸಿನ ಗೆಳತಿಯೊಬ್ಬಳ ಜೊತೆ ಪ್ಲಮ್ ವಿಲೇಜ್‌ಗೆ ಹೋಗಿದ್ದೆ. ಇಲ್ಲಿಂದ ಪೂರ್ವಕ್ಕೆ, ದ್ರಾಕ್ಷಿ ತೋಟಗಳ ಸೀಮೆಯಲ್ಲಿರುವ ಬೌದ್ಧ ಮಠ. ವಿಯೆಟ್ನಾಮಿನ ತಿಕ್ ನಾಟ್ ಹಾನ್ ಎಂಬ ಸನ್ಯಾಸಿ 1982ರಲ್ಲಿ ಶುರು ಮಾಡಿದ್ದು. ಅಲ್ಲಿ ಗಡಿಯಾರ ಬಾರಿಸಿದರೂ ಫೋನ್ ರಿಂಗಾದರೂ ಎಲ್ಲರೂ ಇದ್ದಲ್ಲೇ ನಿಂತು ಮೂರು ಸಲ ಉಸಿರು ಎಳೆದು ಬಿಡುತ್ತಾರೆ. ನಾನು ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದೆ. ಗಂಟೆ ಹೊಡೆಯಿತು. ಪಕ್ಕದವರ ಚಾಕು ಅರ್ಧ ಕ್ಯಾರೆಟ್‌ನಲ್ಲೇ ನಿಂತಿತು. ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. ನಾನೊಬ್ಬಳೇ ಟಕಟಕ ಹೆಚ್ಚುತ್ತಿದ್ದೆ, ಮದುವೆಮನೆಯಲ್ಲಿ ಓಲಗ ನಿಂತ ಮೇಲೂ ಜೋರಾಗಿ ಮಾತಾಡುತ್ತಿರುವವಳ ಹಾಗೆ.

ಹೀಗೆ ನಿಂತು ಗಮನಿಸುವುದಕ್ಕೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ‘ಸತಿ’ ಅನ್ನುತ್ತಾರೆ. ನಮ್ಮ ‘ಸ್ಮೃತಿ’ಯೇ. ಎಚ್ಚರ ಅಂದರೆ ನನಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಸಿಟ್ಟೇ ಬರಬಾರದು ಅಂತ ಅಲ್ಲ. ಸತಿಪಟ್ಠಾನ ಸುತ್ತ ಅನ್ನುವ ಉಪದೇಶದಲ್ಲಿ ಬುದ್ಧ ಹೇಳುವುದು, ಮನಸ್ಸಿನಲ್ಲಿ ಸಿಟ್ಟಿದ್ದರೆ ಇದೆ ಅಂತ ತಿಳಿದುಕೋ, ಇಲ್ಲದಿದ್ದರೆ ಇಲ್ಲ ಅಂತ ತಿಳಿದುಕೋ, ಅಷ್ಟೇ. ತಿಕ್ ನಾಟ್ ಹಾನ್ ಅದನ್ನೇ, ಅಳುವ ಕೂಸನ್ನು ತಾಯಿ ಎತ್ತಿಕೊಳ್ಳುವ ಹಾಗೆ ಸಿಟ್ಟನ್ನು ಎತ್ತಿಕೊಳ್ಳಿ ಅನ್ನುತ್ತಿದ್ದರಂತೆ. ಕೇಳಿದಾಗ ಸಕ್ಕರೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಆಮೇಲೆ ನೀನು ಬಾಣಂತನಕ್ಕೆ ಬಂದಿದ್ದು ನೆನಪಾಯಿತು. ರಾತ್ರಿ ಎರಡಕ್ಕೆ ಮಗು ಅತ್ತರೆ ನಾನು ಪುಸ್ತಕ ತೆಗೆದು ಕಾರಣ ಹುಡುಕುತ್ತಿದ್ದೆ. ನೀನು ಮೊದಲು ಎತ್ತಿಕೊಳ್ಳುತ್ತಿದ್ದೆ. ಹೊಟ್ಟೆ ಮುಟ್ಟಿ ನೋಡುತ್ತಿದ್ದುದು ಆಮೇಲೆ.

ಊಟವಾದ ಮೇಲೆ ಸುತ್ತಲೂ ಕೂತೆವು. ನಡುವೆ ಒಂದು ಹೂದಾನಿ. ಮಾತಾಡಬೇಕು ಅನ್ನಿಸಿದವರು ಅದನ್ನು ತಂದು ತಮ್ಮ ಮುಂದೆ ಇಟ್ಟುಕೊಳ್ಳಬೇಕು. ಅದು ಅಲ್ಲಿರುವಷ್ಟು ಹೊತ್ತು ಬೇರೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ನಮ್ಮ ಮನೆಯಲ್ಲಿ ಇದು ನಡೆಯುವುದುಂಟೇ! ಮೊದಲು ಎದುರಿನವರ ಒಳ್ಳೆಯತನ ಹೇಳಬೇಕು. ಆಮೇಲೆ ತನ್ನ ತಪ್ಪು. ಅದಾದ ಮೇಲೆಯೇ ನೋವು, ಅದೂ ‘ನೀನು ಹೀಗೆ ಮಾಡಿದೆ’ ಅಂತಲ್ಲ, ‘ನನಗೆ ಹೀಗಾಯಿತು’ ಅಂತ. ಕೊನೆಗೆ ಸಹಾಯ ಕೇಳುವುದು.

ಬಾಣಂತನದ ಮಾತು ಮೊದಲೇ ಯಾಕೆ ಬಂತು ಅಂತ ಈಗ ಗೊತ್ತಾಯಿತು, ಅಲ್ವಾ?

ಇನ್ನು ತಪ್ಪು. ಅಪ್ಪನ ತಿಥಿಯ ಹಿಂದಿನ ದಿನ ನೆಟ್‌ವರ್ಕ್ ಹೋಗಿರಲಿಲ್ಲ ಅಮ್ಮ. ನಾನೇ ಕಟ್ ಮಾಡಿದೆ.

“ನೀನು ಬರದಿದ್ರೂ ಎಲ್ಲ ನಡೆಯುತ್ತೆ ಬಿಡು” ಅಂದಿದ್ದೆ ನೀನು. ನನ್ನ ಮನಸ್ಸು ಹಗುರವಾಗಲಿ ಅಂತ ಹೇಳಿದ್ದಿರಬೇಕು. ಆವತ್ತು ನನಗೆ ಕೇಳಿಸಿದ್ದು ‘ನೀನು ಬೇಡ’ ಅಂತ. ಎರಡು ದಿನ ಅನ್ನ ಸೇರಲಿಲ್ಲ.

ಈ ಕಾಗದವನ್ನು ಅಕ್ಕನಿಗೆ ಓದಿ ಹೇಳಬೇಡ. ಅವಳ ಅತ್ತೆಮನೆಯವರು ಮಾಡುತ್ತಿರುವುದು ತಪ್ಪು. ಅದಕ್ಕೆ ಉಸಿರಾಡಿದರೆ ಸಾಲದು, ಅಣ್ಣ ಹೋಗಿ ಮಾತಾಡಬೇಕು. ಆ ಸನ್ಯಾಸಿಯೂ ಉಸಿರು ನೋಡುತ್ತಾ ಸುಮ್ನೆ ಕೂತವರಲ್ಲ. ವಿಯೆಟ್ನಾಮಿನ ಯುದ್ಧ ನಿಲ್ಲಿಸಿ ಅಂತ ಹೇಳಲು 1966ರಲ್ಲಿ ಅಮೆರಿಕಕ್ಕೆ ಹೋದರು. ಮತ್ತೆ ತಮ್ಮ ದೇಶಕ್ಕೆ ಕಾಲಿಡಲು ಆಗಿದ್ದು 2005ರಲ್ಲಿ. 39 ವರ್ಷ! ಕೊನೆಗೆ 2018ರಲ್ಲಿ, ಹುಡುಗನಾಗಿದ್ದಾಗ ಸೇರಿದ್ದ ಮಠಕ್ಕೇ ಮರಳಿದರು. 2022ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಇದನ್ನು ಕೇಳುವಾಗ ನನಗೆ ತಲೆ ಎತ್ತಲು ಆಗಲಿಲ್ಲ. ನನ್ನನ್ನು ಯಾರು ತಡೆದಿದ್ದಾರೆ? ರಜೆ ಇಲ್ಲ, ಟಿಕೆಟ್ ದುಬಾರಿ, ಮಗನ ಸ್ಕೂಲು. ಫೋನ್ ಕಟ್ ಮಾಡಿದ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಇದು. ನೀನಲ್ಲ.

ಈಗ ನಿನ್ನ ಫೋನ್ ಬಂದರೆ ಎರಡು ರಿಂಗ್ ಹೋಗಲು ಬಿಡುತ್ತೇನೆ. ನೇರಳೆ ಸೀರೆಯ ನಿನ್ನ ಫೋಟೋ ನೋಡುತ್ತೇನೆ. ನನ್ನ ಭುಜ ಕಿವಿಯ ತನಕ ಏರಿರುವುದು ಗೊತ್ತಾಗುತ್ತದೆ. ಇಳಿಸುತ್ತೇನೆ. ಮೂರನೆಯದಕ್ಕೆ ಎತ್ತುತ್ತೇನೆ.

ಎಲ್ಲ ಸಲವೂ ಹೀಗೇ ಆಗುತ್ತದೆ ಅಂದುಕೊಳ್ಳಬೇಡ. ನಿನ್ನೆ ನಿನ್ನ ಮೊಮ್ಮಗ ಕೆಸರಿನ ಶೂ ಸಮೇತ ಸೋಫಾ ಹತ್ತಿದ. ಉಸಿರೂ ಇಲ್ಲ, ಎಚ್ಚರವೂ ಇಲ್ಲ, ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. “ಅಮ್ಮಾ, ಗಂಟೆ ಹೊಡೀಲಾ?” ಅಂದ. ಇವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಸಹಾಯ ಕೇಳುವುದೊಂದು ಉಳಿಯಿತು. ನಾನು ಅಲ್ಲಿ ಬೇಕು ಅನ್ನಿಸಿದರೆ ಬೇಕು ಅಂತ ಹೇಳು. ಇವಳಿಗೆ ತೊಂದರೆ ಅಂತ ನುಂಗಿಕೊಳ್ಳಬೇಡ.

ಡಿಸೆಂಬರ್ 20ಕ್ಕೆ ಟಿಕೆಟ್ ಆಗಿದೆ, ಮೂರು ವಾರ ಇರುತ್ತೇವೆ. ನನ್ನ ಮೇಲೆ ನಿನಗೂ ಹೇಳುವುದು ಇದ್ದೇ ಇರುತ್ತದೆ. ಅಪ್ಪನ ಹಿತ್ತಾಳೆ ಚೊಂಬಿನಲ್ಲಿ ನಾಲ್ಕು ಸೇವಂತಿಗೆ ಇಟ್ಟುಕೊಂಡು ಹಜಾರದಲ್ಲಿ ಕೂರೋಣ. ಚೊಂಬು ನಿನ್ನ ಮುಂದೆ ಇರುವ ತನಕ ನಾನು ಬಾಯಿ ಬಿಡುವುದಿಲ್ಲ. ಅಣ್ಣನ ಗ್ಯಾರಂಟಿ ಕೊಡಲಾರೆ.

ಇಂತಿ ನಿನ್ನ
ಮಗಳು