ತೋಟಗಾರಿಕೆ ಸಚಿವರೇ, ಬರೀ ಜೇನುಪೆಟ್ಟಿಗೆ ಹಂಚಿದರೆ ಸಾಲದು

ಮಾನ್ಯ ಸಚಿವರೇ,

ಹಣ್ಣಿನ ಇಳುವರಿ ಅಂದ ಕೂಡಲೇ ಇಲಾಖೆಗೆ ನೆನಪಾಗುವುದು ಸಸಿ, ಗೊಬ್ಬರ, ಹನಿ ನೀರಾವರಿ. ಪರಾಗಸ್ಪರ್ಶದ ಮಾತೆತ್ತಿದರೆ ಜೇನುಪೆಟ್ಟಿಗೆ ಹಂಚಿ ಕೈತೊಳೆದುಕೊಳ್ಳುತ್ತಾರೆ. ಪೆಟ್ಟಿಗೆ ಬೇಡ ಅಂತ ಹೇಳ್ತಿಲ್ಲ. ಯಾವ ಹಣ್ಣಿಗೆ ಯಾವ ವಿಧಾನ ಅಂತ ನೋಡದೆ ಸುಮ್ನೆ ಹಂಚಿದರೆ ದುಡ್ಡು ದಂಡ.

ಸೇಬನ್ನೇ ತಗೊಳ್ಳಿ. ಹೆಚ್ಚಿನ ತಳಿಗಳು ತಮ್ಮದೇ ಪರಾಗದಿಂದ ಸರಿಯಾಗಿ ಕಾಯಿ ಕಚ್ಚುವುದಿಲ್ಲ, ಅದೇ ಹೊತ್ತಿಗೆ ಹೂ ಬಿಡುವ ಬೇರೊಂದು ತಳಿ ಹತ್ತಿರದಲ್ಲೇ ಇರಬೇಕು. ಇಡೀ ತೋಟಕ್ಕೆ ಒಂದೇ ತಳಿಯ ಸಸಿ ಕೊಟ್ಟು ನಡುವೆ ಎಷ್ಟು ಪೆಟ್ಟಿಗೆ ಇಟ್ಟರೂ ಜೇನು ಹೊತ್ತು ತಿರುಗುವುದು ಅದೇ ಪರಾಗವನ್ನೇ ಅಲ್ವಾ? ಇಳುವರಿಯಷ್ಟೇ ಅಲ್ಲ, ಹಣ್ಣಿನ ಆಕಾರವೂ ಕೆಡುತ್ತದೆ. ಸೇಬಿನೊಳಗೆ 5 ಕೋಣೆಗಳಿವೆ. ಒಂದು ಬದಿಯಲ್ಲಿ ಬೀಜ ಕಟ್ಟದಿದ್ದರೆ ಆ ಬದಿ ಸೊರಗಿ ಹಣ್ಣು ಸೊಟ್ಟಗಾಗುತ್ತದೆ.

ಸ್ಟ್ರಾಬೆರಿಯಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಮೈಮೇಲಿನ ಒಂದೊಂದು ಕಾಳೂ ಪರಾಗ ಸಿಕ್ಕರೆ ಆಕ್ಸಿನ್ ಎಂಬ ಹಾರ್ಮೋನು ಬಿಟ್ಟು ಸುತ್ತಲಿನ ತಿರುಳನ್ನು ಬೆಳೆಸುತ್ತದೆ, ಸಿಗದ ಕಡೆ ತಗ್ಗು ಬೀಳುತ್ತದೆ. ಗಾಳಿಯಿಂದಲೂ ಹಣ್ಣಾಗುತ್ತದೆ, ನಿಜ. ಆದರೆ ಜರ್ಮನಿಯ ಪ್ರಯೋಗವೊಂದರಲ್ಲಿ ಜೇನ್ನೊಣ ಮುಟ್ಟಿದ ಹೂಗಳ ಹಣ್ಣು ಹೆಚ್ಚು ತೂಗಿತು, ಗಟ್ಟಿಯಾಗಿತ್ತು, ಜಾಸ್ತಿ ದಿನ ಬಾಳಿಕೆ ಬಂತು. ಕೊಯ್ಲಾದ ಮೇಲೆ ಕೊಳೆತು ಹೋಗುವ ಹಣ್ಣಿನ ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

ಇನ್ನು ಜೇನಿನಿಂದ ಆಗದ ಕೆಲಸವೂ ಇದೆ. ಪ್ಯಾಷನ್ ಫ್ರೂಟ್ ಹೂವಿಗೆ ಜೇನ್ನೊಣ ತೀರಾ ಚಿಕ್ಕದು. ಶಲಾಕಾಗ್ರ, ಅಂದರೆ ಪರಾಗ ಅಂಟಬೇಕಾದ ಹೂವಿನ ಹೆಣ್ಣು ಭಾಗದ ತುದಿ, ಅದನ್ನು ಮುಟ್ಟದೆಯೇ ಪರಾಗ ಕದ್ದು ಹೋಗುತ್ತದೆ, ಅಲ್ಲಿ ಮರ ಕೊರೆಯುವ ದೊಡ್ಡ ದುಂಬಿಯೇ ಬೇಕು, ಅದಕ್ಕೆ ಗೂಡು ಮಾಡಲು ಒಣಮರ ಉಳಿಸಬೇಕು. ಸೀತಾಫಲದ ಹೂ ಮೊದಲು ಹೆಣ್ಣು, ಆಮೇಲೆ ಗಂಡು, ಹಾಗಾಗಿ ಪರಾಗ ಬೇರೆ ಹೂವಿನಿಂದ ಬರಬೇಕು. ಅದನ್ನು ತರುವ ಪುಟ್ಟ ಜೀರುಂಡೆಗಳು ಕಡಿಮೆ ಇದ್ದರೆ ಬ್ರಷ್ ಹಿಡಿದು ಕೈಯಲ್ಲೇ ಪರಾಗ ಹಚ್ಚಬೇಕು, ಹಾಗೆ ಮಾಡಿದ ಹಣ್ಣು ದುಂಡಗೆ ತುಂಬಿಕೊಳ್ಳುತ್ತದೆ. (ವೆನಿಲಾಕ್ಕೆ ಕೈ ಪರಾಗಸ್ಪರ್ಶದ ಸುಲಭ ದಾರಿಯನ್ನು 1841ರಲ್ಲಿ ತೋರಿಸಿದ್ದು ರಿಯೂನಿಯನ್ ದ್ವೀಪದ 12 ವರ್ಷದ ಗುಲಾಮ ಹುಡುಗ ಎಡ್ಮಂಡ್ ಆಲ್ಬಿಯಸ್. ಇವತ್ತಿಗೂ ಅದೇ ನಡೆಯುತ್ತಿದೆ.) ಆದರೆ ಇದು ಕೂಲಿ ಜಾಸ್ತಿ ಬೇಡುವ ಕೆಲಸ, ಸಹಾಯಧನದ ಪಟ್ಟಿಯಲ್ಲಿ ಅದಕ್ಕೂ ಜಾಗ ಕೊಡಿ.

ಹೂ ಅರಳಿದ ದಿನಗಳಲ್ಲಿ ಕೀಟನಾಶಕ ಹೊಡೆಯಬೇಡಿ ಅಂತ ಇಲಾಖೆಯೇ ಸ್ಪಷ್ಟವಾಗಿ ಹೇಳಲಿ. ಒಂದು ಕಡೆ ಪೆಟ್ಟಿಗೆ ಕೊಟ್ಟು ಇನ್ನೊಂದು ಕಡೆ ವಿಷ ಕೊಟ್ಟರೆ ಹೇಗೆ? ಮತ್ತೆ, ಮುಂದಿನ ಸಸಿ ಹಂಚಿಕೆಯ ಆದೇಶಕ್ಕೆ ಸಹಿ ಹಾಕುವ ಮುಂಚೆ, ಪರಾಗ ಕೊಡುವ ತಳಿಯ ಸಸಿಗಳೂ ಅದರಲ್ಲಿವೆಯೇ ಅಂತ ಒಮ್ಮೆ ಕೇಳಿ ನೋಡಿ.

ಇಂತಿ,
ಒಬ್ಬ ಹಣ್ಣು ಬೆಳೆಗಾರ